ರಸವಾದಿಯ ಕುಲುಮೆಯೂ ಗೃಹಿಣಿಯ ಒಲೆಯೂ



ಕೀಳು ಲೋಹವನ್ನು ಬಂಗಾರವನ್ನಾಗಿ ಮಾಡುವ ವಿದ್ಯೆಗೆ ನಮ್ಮ ಹಿರಿಯರು ರಸವಾದವೆಂದು ಹೆಸರಿಟ್ಟರು. ಅರಬ್ಬರು ಇಂತಹುದೇ ವಿದ್ಯೆಯನ್ನು ಅಲ್-ಕೀಮಿಯಾ ಎಂದರು. ಯುರೋಪಿನವರು ಆ ಹೆಸರನ್ನೇ ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಆಲ್ಕೆಮಿ ಎಂದು ಕರೆದರು. ಪರುಷವು ಸೋಂಕಿದರೆ ಕಬ್ಬಿಣವು ಹೊನ್ನಾಗುವುದೆಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಆದರೆ ರಸವಾದವೆಂದೊಡನೆ ಗಡ್ಡ ಬಿಟ್ಟ ಬೈರಾಗಿ, ಹೊಗೆ ತುಂಬಿದ ಗವಿ, ಅರ್ಥವಾಗದ ಮಂತ್ರ ಇವೇ ನಮ್ಮ ಕಣ್ಣ ಮುಂದೆ ನಿಲ್ಲುವುವು. ಇದಕ್ಕೂ ಮನೆವಾರ್ತೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವುಂಟು; ಅದೂ ಬಹು ಹತ್ತಿರದ ಸಂಬಂಧವು. ರಸವಾದಿಗಳ ಉಪಕರಣಗಳಲ್ಲಿಯೂ ಸಂಕೇತಗಳಲ್ಲಿಯೂ ಎಷ್ಟೋ ಅಡಿಗೆಮನೆಯಿಂದ, ಬಟ್ಟೆ ಒಗೆಯುವ ಕಲ್ಲಿನಿಂದ, ಮದುವೆಯ ಹಸೆಯಿಂದ ಹೋದವುಗಳಾಗಿವೆ. ಹೊನ್ನಿನ ಆಸೆಯನ್ನು ಹಿಡಿದು ನಡೆಯುವ ವಂಚನೆಯಾದರೋ ಇಂದಿಗೂ ನಮ್ಮ ಮನೆಗಳ ಬಾಗಿಲಿಗೆ ಬರುತ್ತಲೇ ಇರುವುದು. ಆದಕಾರಣ ಈ ತಿಂಗಳು ಈ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುವೆನು.

ಪಾಶ್ಚಾತ್ಯ ರಸವಿದ್ಯೆಯು ಹುಟ್ಟಿದುದು ಈಜಿಪ್ಟ್ ದೇಶದಲ್ಲಿ, ಗ್ರೀಕ್ ಭಾಷೆಯನ್ನಾಡುತ್ತಿದ್ದ ಜನರ ನಡುವೆ. ಲೈಡನ್ ಮತ್ತು ಸ್ಟಾಕ್‌ಹೋಮ್ ನಗರಗಳ ಹೆಸರಿನಿಂದ ಪ್ರಸಿದ್ಧವಾಗಿರುವ ಎರಡು ಪಪೈರಸ್ ಹೊತ್ತಗೆಗಳು ಅಲ್ಲಿಂದಲೇ ಯುರೋಪಿಗೆ ಬಂದುವು. ಅವು ಸುಮಾರು ಕ್ರಿ. ಶ. 3-4ನೆಯ ಶತಮಾನದವು. ಅವುಗಳಲ್ಲಿ ಮಂತ್ರತಂತ್ರಗಳನ್ನು ಹುಡುಕುವವನಿಗೆ ನಿರಾಶೆಯಾಗುವುದು. ಏಕೆಂದರೆ ಅಲ್ಲಿ ತುಂಬಿರುವುದು ಕೈಕೆಲಸದವರ ಪಾಕವಿಧಾನಗಳು. ಕೀಳು ಲೋಹಕ್ಕೆ ಬೆಳ್ಳಿಬಂಗಾರಗಳ ಹೊಳಪನ್ನು ತರುವ ಬಗೆ, ಹರಳುಗಳಿಗೆ ರತ್ನದ ಬಣ್ಣವನ್ನು ಕೊಡುವ ಬಗೆ, ಶ್ರೀಮಂತರು ಉಡುತ್ತಿದ್ದ ನೇರಳೆ ಬಣ್ಣವನ್ನು ಕಡಿಮೆ ವೆಚ್ಚದಲ್ಲಿ ಉಣ್ಣೆಗೆ ಹಿಡಿಸುವ ಬಗೆ, ಹೀಗೆ ಅಕ್ಕಸಾಲಿಗರಿಗೂ ಬಣ್ಣಗಾರರಿಗೂ ಬೇಕಾದ ಸಂಗತಿಗಳು ಅಲ್ಲಿವೆ. ಬಟ್ಟೆಗೆ ಬಣ್ಣವನ್ನು ಹಿಡಿಸಬಹುದಾದರೆ ಲೋಹಕ್ಕೇಕೆ ಬಂಗಾರದ ಬಣ್ಣವನ್ನು, ಅದರೊಡನೆ ಬಂಗಾರದ ಗುಣವನ್ನೂ, ಹಿಡಿಸಬಾರದು? ಈ ಪ್ರಶ್ನೆಯೊಡನೆ ಕಸಬು ಶಾಸ್ತ್ರವಾಗತೊಡಗಿತು.

ಆ ಶಾಸ್ತ್ರದ ಆದಿಯಲ್ಲಿಯೇ ಒಬ್ಬ ಸ್ತ್ರೀಯ ಹೆಸರಿರುವುದು ನಾವು ಗಮನಿಸತಕ್ಕ ವಿಷಯವು. ಸುಮಾರು ಕ್ರಿ. ಶ. 300ರಲ್ಲಿದ್ದ ಝೋಸಿಮಸ್ ಎಂಬ ಗ್ರಂಥಕರ್ತನು ತನಗಿಂತ ಹಿಂದಿನವಳಾದ ಮರಿಯಾ ಎಂಬ ಯೆಹೂದಿ ವಿದುಷಿಯನ್ನು ಬಹು ಗೌರವದಿಂದ ನೆನೆದಿರುವನು. ಭಟ್ಟಿಯಿಳಿಸುವ ಮೂರು ಕೊಳವೆಗಳ ಯಂತ್ರವನ್ನು ಅವಳು ವರ್ಣಿಸಿದ್ದಳೆಂದು ಅವನ ಬರಹಗಳಿಂದ ತಿಳಿಯುವುದು. ಆದರೆ ಅವಳ ಹೆಸರು ಉಳಿದಿರುವುದು ಪ್ರಯೋಗಶಾಲೆಗಿಂತ ಹೆಚ್ಚಾಗಿ ಅಡಿಗೆಮನೆಯಲ್ಲಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯನ್ನಿಟ್ಟು ಹದವಾಗಿ ಕಾಸುವ ಕ್ರಮಕ್ಕೆ ಫ್ರೆಂಚರು ಇಂದಿಗೂ 'ಮರಿಯಾಳ ಸ್ನಾನಪಾತ್ರೆ' ಎಂಬ ಅರ್ಥದಲ್ಲಿ ಬೇನ್-ಮರೀ ಎನ್ನುವರು. ಮಾಗಿಯ ಚಳಿಗೆ ಗಟ್ಟಿಯಾದ ಕೊಬ್ಬರಿ ಎಣ್ಣೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸುವ ನಮ್ಮ ತಾಯಂದಿರು ಮಾಡುವುದೂ ಇದನ್ನೇ. ತೆರೆದ ಪಾತ್ರೆಯ ನೀರು ಕುದಿದರೂ ಅದರ ಉಷ್ಣವು 100 ಡಿಗ್ರಿಯನ್ನು ಮೀರದಾದುದರಿಂದ ಒಳಗಿನ ಪದಾರ್ಥವು ಸೀಯುವ ಭಯವಿಲ್ಲ. ಉರಿಯನ್ನು ಅಂಕೆಯಲ್ಲಿಡುವುದೇ ರಸವಾದಿಯ ಮೊದಲ ಪಾಠವಾಗಿದ್ದಿತು. ಆ ಪಾಠವು ಒಲೆಯ ಮುಂದೆ ಕುಳಿತವರಿಗೆ ಹೊಸತೇನೂ ಅಲ್ಲ.

ಕ್ಲಿಯೋಪಾತ್ರ ಎಂಬ ಮತ್ತೊಬ್ಬಳ ಹೆಸರಿನಲ್ಲಿ (ಈಕೆಯು ಪ್ರಸಿದ್ಧ ರಾಣಿಯಲ್ಲ) ಒಂದು ಚಿತ್ರಪತ್ರವು ವೆನಿಸ್ ನಗರದ ಗ್ರಂಥಭಂಡಾರದ ಹಳೆಯ ಹಸ್ತಪ್ರತಿಯೊಂದರಲ್ಲಿ ಉಳಿದಿರುವುದು. ಅದರಲ್ಲಿ ತನ್ನ ಬಾಲವನ್ನು ತಾನೇ ನುಂಗುತ್ತಿರುವ ಹಾವಿನ ಚಿತ್ರವಿದೆ. ಸರ್ವವೂ ಒಂದೇ ಎಂಬ ಅರ್ಥದ ಮಾತು ಅದರ ನಡುವೆ ಇರುವುದು. ಲೋಹಗಳೆಲ್ಲಕ್ಕೂ ಮೂಲದ್ರವ್ಯವು ಒಂದೇ ಆಗಿದ್ದರೆ ಒಂದು ಇನ್ನೊಂದಾಗುವುದು ಅಸಾಧ್ಯವಲ್ಲವೆಂಬ ನಂಬಿಕೆಯೇ ಈ ಹಾವಿನ ಸುತ್ತಿನಲ್ಲಿ ಅಡಗಿರುವುದು.

ಈ ನಂಬಿಕೆಯನ್ನು ಮೂಢತನವೆಂದು ಹಳಿಯಲಾಗದು. ಮಂಕಾದ ಕೆಂಪು ಇಂಗಲೀಕವನ್ನು ಕಾಸಿದರೆ ಬೆಳ್ಳಿಯಂತೆ ಹೊಳೆಯುವ ಪಾದರಸವು ಹೊರಬರುವುದು. ತಾಮ್ರಕ್ಕೆ ಸತುವಿನ ಅದಿರನ್ನು ಕೂಡಿಸಿ ಕಾಸಿದರೆ ಹೊಂಬಣ್ಣದ ಹಿತ್ತಾಳೆಯಾಗುವುದು. ಇವನ್ನು ಕಣ್ಣಾರೆ ಕಂಡವನು ಬಂಗಾರವೂ ಹೀಗೆಯೇ ಆಗಬಹುದೆಂದು ಊಹಿಸಿದುದರಲ್ಲಿ ಏನು ತಪ್ಪು? ಅರಬ್ಬೀ ವಿದ್ವಾಂಸರು ಈ ಊಹೆಗೆ ಒಂದು ಕ್ರಮವನ್ನು ತಂದರು. ಜಾಬಿರ್ ಇಬ್ನ್ ಹಯ್ಯಾನನ ಹೆಸರಿನ ಗ್ರಂಥಗಳಲ್ಲಿ, ಭೂಗರ್ಭದಲ್ಲಿ ಗಂಧಕ ಮತ್ತು ಪಾದರಸಗಳ ತತ್ತ್ವಗಳು ಬೇರೆಬೇರೆ ಪ್ರಮಾಣಗಳಲ್ಲಿ ಕೂಡಿ ಲೋಹಗಳಾಗುವುವೆಂಬ ಸಿದ್ಧಾಂತವಿದೆ. ಸುಮಾರು 925ರಲ್ಲಿ ತೀರಿಕೊಂಡ ವೈದ್ಯನಾದ ಅಲ್-ರಾಝಿಯು ದ್ರವ್ಯಗಳನ್ನೂ ಉಪಕರಣಗಳನ್ನೂ ವರ್ಗ ಮಾಡಿ ಬರೆದನು. 1144ರಲ್ಲಿ ಅರಬ್ಬೀ ರಸಗ್ರಂಥವೊಂದು ಲ್ಯಾಟಿನ್ ಭಾಷೆಗೆ ಪರಿವರ್ತನವಾಯಿತು. ಅಲ್ಲಿಂದ ಮುಂದೆ ಯುರೋಪಿನ ಮಠಗಳಲ್ಲಿಯೂ ಅರಮನೆಗಳಲ್ಲಿಯೂ ಕುಲುಮೆಗಳು ಉರಿಯತೊಡಗಿದುವು. ಆಲ್ಕೋಹಾಲ್, ಆಲ್ಕಲಿ, ಎಲಿಕ್ಸಿರ್ ಎಂಬ ಮಾತುಗಳು ಅರಬ್ಬಿಯಿಂದಲೇ ಹೋದವು.

ಇನ್ನು ಸಂಕೇತಗಳ ವಿಷಯ. ರಸವಾದಿಗಳು ತಮ್ಮ ವಿದ್ಯೆಯನ್ನು ನೇರವಾಗಿ ಬರೆಯದೆ ಒಗಟುಗಳಲ್ಲಿ ಮುಚ್ಚಿಟ್ಟರು. ಸೂರ್ಯನೆಂದರೆ ಚಿನ್ನ, ಚಂದ್ರನೆಂದರೆ ಬೆಳ್ಳಿ, ಕುಜನೆಂದರೆ ಕಬ್ಬಿಣ, ಶುಕ್ರನೆಂದರೆ ತಾಮ್ರ, ಬುಧನೆಂದರೆ ಪಾದರಸ, ಗುರುವೆಂದರೆ ತವರ, ಶನಿಯೆಂದರೆ ಸೀಸ. ಕೆಲಸದಲ್ಲಿ ಮೊದಲು ಕಾಣುವ ಕಪ್ಪು ಬಣ್ಣಕ್ಕೆ ಕಾಗೆ, ಬಳಿಕ ಬರುವ ನಾನಾ ವರ್ಣಗಳಿಗೆ ನವಿಲಿನ ಗರಿ, ಬಿಳುಪಿಗೆ ಹಂಸ, ಕಡೆಯ ಕೆಂಪಿಗೆ ಬೂದಿಯಿಂದ ಎದ್ದು ಬರುವ ಫೀನಿಕ್ಸ್ ಪಕ್ಷಿ. ಸಾಮಗ್ರಿಯನ್ನು ತುಂಬಿ ಬಾಯಿ ಮುಚ್ಚಿದ ಗಾಜಿನ ಪಾತ್ರೆಯು ಮೊಟ್ಟೆ. ಅದಕ್ಕೆ ಹದವಾದ ಕಾವನ್ನು ಕೊಡುವುದು ಕೋಳಿಯು ಕಾವು ಕೂರುವ ಹಾಗೆ. ಹೀಗೆ ಮುಚ್ಚಿಟ್ಟುದಕ್ಕೆ ಕಾರಣಗಳಿದ್ದುವು. ಅಯೋಗ್ಯರ ಕೈಗೆ ವಿದ್ಯೆಯು ಬೀಳಬಾರದೆಂಬುದು ಒಂದು. ಅರಸರ ಮತ್ತು ಧರ್ಮಾಧಿಕಾರಿಗಳ ಭಯವು ಇನ್ನೊಂದು. ದ್ರವ್ಯಗಳಿಗೆ ಎಲ್ಲರೂ ಒಪ್ಪಿದ ಹೆಸರುಗಳು ಆಗ ಇರಲಿಲ್ಲವೆಂಬುದೂ ಮರೆಯತಕ್ಕದ್ದಲ್ಲ.

ಈ ಒಗಟುಗಳ ಸೊಗಸನ್ನು ಕಾಣಬೇಕಾದರೆ ಜರ್ಮನಿಯ ವೈದ್ಯನಾದ ಮಿಖಾಯೆಲ್ ಮಾಯರನು 1617ರಲ್ಲಿ ಪ್ರಕಟಿಸಿದ 'ಅಟಲಾಂಟ ಫ್ಯೂಜಿಯೆನ್ಸ್' ಎಂಬ ಗ್ರಂಥವನ್ನು ನೋಡಬೇಕು. ಅದರಲ್ಲಿ 50 ಚಿತ್ರಗಳು. ಪ್ರತಿಯೊಂದಕ್ಕೂ ಒಂದು ಪದ್ಯ, ಒಂದು ವ್ಯಾಖ್ಯಾನ, ಮೂರು ಕಂಠಗಳಲ್ಲಿ ಹಾಡತಕ್ಕ ಒಂದು ಸಂಗೀತ. ಮೂರನೆಯ ಚಿತ್ರದಲ್ಲಿ ಒಬ್ಬ ಹೆಂಗಸು ಬಿಸಿನೀರನ್ನು ಸುರಿದು ಬಟ್ಟೆ ಒಗೆಯುತ್ತಿರುವಳು. ಅವಳು ಮಾಡುವಂತೆಯೇ ನೀನೂ ಮಾಡೆಂದು ವಿದ್ಯಾರ್ಥಿಗೆ ಉಪದೇಶವಿದೆ. ಇಪ್ಪತ್ತೆರಡನೆಯದರಲ್ಲಿ ಹೆಂಗಸೊಬ್ಬಳು ಒಲೆಯ ಮುಂದೆ ಅಡಿಗೆಯಲ್ಲಿ ತೊಡಗಿರುವಳು. ಬೆಳ್ಳಗಿನ ಸೀಸವು ದೊರೆತ ಮೇಲೆ ಹೆಂಗಸರ ಕೆಲಸವಾದ ಪಾಕವನ್ನು ಮಾಡಬೇಕೆಂದು ಅದರ ತಾತ್ಪರ್ಯವು. ಅಂದರೆ ಮೊದಲು ದ್ರವ್ಯದ ಕೊಳೆಯನ್ನು ನೀರಿನಿಂದಲೂ ಕಾವಿನಿಂದಲೂ ಮತ್ತೆ ಮತ್ತೆ ತೊಳೆಯಬೇಕು. ಬಳಿಕ ಆತುರಪಡದೆ ಹದವರಿತು ಬೇಯಿಸಬೇಕು. ರಾಜಾಸ್ಥಾನದಲ್ಲಿ ಮನ್ನಣೆ ಪಡೆದ ಈ ಪಂಡಿತನು ತನ್ನ ಮಹಾವಿದ್ಯೆಯ ಗುಟ್ಟನ್ನು ತಿಳಿಸಲು ಅಗಸಗಿತ್ತಿಯನ್ನೂ ಅಡಿಗೆಯವಳನ್ನೂ ಗುರುಸ್ಥಾನದಲ್ಲಿರಿಸಿದನು. ಮನೆಗೆಲಸವನ್ನು ಕೀಳೆಂದು ತಿಳಿಯುವವರು ಈ ಚಿತ್ರಗಳನ್ನು ಒಮ್ಮೆ ನೋಡಬೇಕು.

ಅದೇ ಗ್ರಂಥದ ಇಪ್ಪತ್ತನಾಲ್ಕನೆಯ ಚಿತ್ರವು ಭಯಂಕರವಾದುದು. ತೋಳವೊಂದು ಸತ್ತ ಅರಸನನ್ನು ತಿನ್ನುತ್ತಿರುವುದು. ಹಿಂದೆ ಆ ತೋಳವು ಬೆಂಕಿಯಲ್ಲಿ ಬೇಯುತ್ತಿರಲು ಅರಸನು ಜೀವದಿಂದ ಎದ್ದು ಬರುವನು. ಇದು ಹುಚ್ಚರ ಕನಸಲ್ಲ, ಅಕ್ಕಸಾಲಿಯ ಕೆಲಸವು. ಅರಸನೆಂದರೆ ಚಿನ್ನ. ತೋಳವೆಂದರೆ ಸುರ್ಮಾ ಎಂದು ನಾವು ಕರೆಯುವ ಬೂದುಗಪ್ಪು ಅಂಜನದ ಕಲ್ಲು. ಅದರಲ್ಲಿ ಆಂಟಿಮನಿ ಎಂಬ ಧಾತುವೂ ಗಂಧಕವೂ ಸೇರಿರುವುವು. ಬೆರಕೆಯ ಚಿನ್ನವನ್ನು ಈ ಕಲ್ಲಿನೊಡನೆ ಮೂಸೆಯಲ್ಲಿ ಕರಗಿಸಿದರೆ ಗಂಧಕವು ಬೆರಕೆಯ ತಾಮ್ರ ಬೆಳ್ಳಿಗಳನ್ನು ಹಿಡಿದುಕೊಂಡು ಮೇಲೆ ನಿಲ್ಲುವುದು. ಚಿನ್ನವು ಆಂಟಿಮನಿಯೊಡನೆ ಅಡಿಗೆ ಇಳಿಯುವುದು. ಆ ಗಟ್ಟಿಯನ್ನು ಮತ್ತೆ ಉರಿಯಲ್ಲಿಟ್ಟು ಕಾಸಿದರೆ ಆಂಟಿಮನಿಯು ಹೊಗೆಯಾಗಿ ಹೋಗಿ ಶುದ್ಧವಾದ ಚಿನ್ನವು ಉಳಿಯುವುದು. ತೋಳವು ಅರಸನನ್ನು ನುಂಗಿತು, ತೋಳವು ಸುಟ್ಟಿತು, ಅರಸನು ಎದ್ದನು! ಪುಟಕ್ಕಿಟ್ಟ ಚಿನ್ನವೆಂದು ನಾವು ಹೇಳುವ ಮಾತೂ ಇಂತಹ ಉರಿಯ ಪರೀಕ್ಷೆಯನ್ನೇ ನೆನಪಿಗೆ ತರುವುದು.

ಮದುವೆಯ ಸಂಕೇತವೂ ಹೀಗೆಯೇ. 1550ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ 'ರೋಸಾರಿಯಂ ಫಿಲಾಸಫೋರಂ' ಎಂಬ ಗ್ರಂಥದಲ್ಲಿ ಸೂರ್ಯರಾಜನೂ ಚಂದ್ರರಾಣಿಯೂ ಕೈಹಿಡಿದು, ಒಂದಾಗಿ, ಒಂದೇ ಗೋರಿಯಲ್ಲಿ ಮಡಿದು, ಆಕಾಶದಿಂದಿಳಿದ ಹನಿಯಿಂದ ಶುದ್ಧರಾಗಿ, ಒಂದೇ ದೇಹವಾಗಿ ಏಳುವರು. ಎರಡು ದ್ರವ್ಯಗಳು ಕೂಡಿ ತಮ್ಮ ಹಳೆಯ ರೂಪವನ್ನು ಕಳೆದುಕೊಂಡು ಮೂರನೆಯದಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಹೋಲಿಕೆ ಯಾವುದು? ಮನಶ್ಶಾಸ್ತ್ರಜ್ಞನಾದ ಕಾರ್ಲ್ ಯೂಂಗನು 1946ರಲ್ಲಿ ಇದೇ ಚಿತ್ರಗಳನ್ನು ಹಿಡಿದು, ಇವು ಮನುಷ್ಯನ ಅಂತರಂಗದ ಪರಿವರ್ತನೆಯ ಚಿತ್ರಗಳೆಂದು ವ್ಯಾಖ್ಯಾನ ಮಾಡಿದನು. ಈಚಿನ ಇತಿಹಾಸಜ್ಞರಾದರೋ ಹಳೆಯ ಪಾಕವಿಧಾನಗಳನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಮಾಡಿ ನೋಡಿ, ಇಂತಹ ಎಷ್ಟೋ ಒಗಟುಗಳ ಹಿಂದೆ ನಿಜವಾದ ಕುಲುಮೆಯ ಕೆಲಸವಿರುವುದೆಂದು ತೋರಿಸಿರುವರು.

ಶಿವಶಕ್ತಿಯರ ಸಂಯೋಗವನ್ನು ಬಲ್ಲ ನಮ್ಮ ದೇಶಕ್ಕೆ ಈ ಮದುವೆಯ ಮಾತು ಅಪರಿಚಿತವಲ್ಲ. ನಮ್ಮ ರಸಶಾಸ್ತ್ರವು ಪಾದರಸವನ್ನು ಶಿವನ ತೇಜಸ್ಸೆಂದೂ ಗಂಧಕವನ್ನು ಪಾರ್ವತಿಯ ರಜಸ್ಸೆಂದೂ ಭಾವಿಸಿತು. ಪಾದರಸಕ್ಕೆ ಹದಿನೆಂಟು ಸಂಸ್ಕಾರಗಳನ್ನು ವಿಧಿಸಿತು. ಎರಡನ್ನೂ ಕಲ್ವದಲ್ಲಿ ಅರೆದರೆ ಕಾಡಿಗೆಯಂತೆ ಕಪ್ಪಾದ ಕಜ್ಜಲಿಯಾಗುವುದು. ಅದನ್ನೇ ಕ್ರಮವಾಗಿ ಕಾಸಿದರೆ ಪಾತ್ರೆಯ ಮೇಲ್ಭಾಗದಲ್ಲಿ ಕೆಂಪಾದ ರಸಸಿಂದೂರವು ಹತ್ತುವುದು. ಯುರೋಪಿನವರ ಕಾಗೆಯ ಕಪ್ಪು, ಕಡೆಯ ಕೆಂಪು ಎರಡೂ ಇಲ್ಲಿವೆ. ಆದರೆ ನಮ್ಮವರ ಮುಖ್ಯ ಗುರಿ ಬೇರೆಯಾಗಿದ್ದಿತು. 14ನೆಯ ಶತಮಾನದಲ್ಲಿ ವಿಜಯನಗರದ ಕಾಲದ ಮಾಧವಾಚಾರ್ಯರು ರಚಿಸಿದರೆಂದು ಪ್ರಸಿದ್ಧವಾದ 'ಸರ್ವದರ್ಶನಸಂಗ್ರಹ'ದಲ್ಲಿ ರಸೇಶ್ವರ ದರ್ಶನವೂ ಒಂದು. ಲೋಹವನ್ನು ಹೊನ್ನು ಮಾಡುವುದು ರಸದ ಪರೀಕ್ಷೆಗೆ ಮಾತ್ರ. ದೇಹವನ್ನು ಸ್ಥಿರಗೊಳಿಸಿ ಬದುಕಿರುವಾಗಲೇ ಮುಕ್ತಿಯನ್ನು ಪಡೆಯುವುದೇ ಫಲವೆಂದು ಆ ಮತದವರ ವಾದವು. ಇಲ್ಲಿ ಒಂದು ಎಚ್ಚರಿಕೆಯ ಮಾತು: ಪಾದರಸದ ಆವಿಯು ಕಣ್ಣಿಗೆ ಕಾಣದ ವಿಷವು. ಅದು ನರಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುವುದು. ಜ್ವರಮಾಪಕವು ಒಡೆದು ಬಿದ್ದ ರಸವನ್ನು ಮಕ್ಕಳ ಕೈಗೆ ಆಟಕ್ಕೆ ಕೊಡಬಾರದು. ಹೆಸರಿಲ್ಲದವರು ಮಾರುವ ಭಸ್ಮಗಳನ್ನು ಸೇವಿಸಲೂಬಾರದು.

ಹೊನ್ನಿನ ಆಸೆಯಿದ್ದಲ್ಲಿ ಮೋಸವೂ ಇರುವುದು. ಇಂಗ್ಲೆಂಡಿನಲ್ಲಿ 1404ರಲ್ಲಿ ಚಿನ್ನಬೆಳ್ಳಿಗಳನ್ನು ಹೆಚ್ಚಿಸುವ ಕೆಲಸವನ್ನೇ ಅಪರಾಧವೆಂದು ಶಾಸನ ಮಾಡಿದರು. ಅದು 1689ರ ವರೆಗೂ ಜಾರಿಯಲ್ಲಿತ್ತು. ಕೇಟಾನೋ ಎಂಬ ಇಟಲಿಯವನು ಅರಸುಗಳನ್ನು ಒಬ್ಬರಾದ ಮೇಲೊಬ್ಬರಂತೆ ವಂಚಿಸಿ, ಕಡೆಗೆ 1709ರಲ್ಲಿ ಪ್ರಷ್ಯದ ಅರಸನ ಆಜ್ಞೆಯಿಂದ ಹೊಂಬಣ್ಣದ ತಗಡನ್ನು ಹೊದಿಸಿದ ನೇಣುಗಂಬವನ್ನೇರಿದನು. 1722ರಲ್ಲಿ ಜೆಫ್ರ್ವಾ ಎಂಬ ವಿದ್ವಾಂಸನು ಪ್ಯಾರಿಸಿನ ವಿಜ್ಞಾನ ಪರಿಷತ್ತಿನ ಮುಂದೆ ಈ ವಂಚಕರ ಕೈಚಳಕಗಳನ್ನೆಲ್ಲ ಬಯಲಿಗಿಟ್ಟನು. ಎರಡು ತಳಗಳ ಮೂಸೆಯಲ್ಲಿ ಮೊದಲೇ ಚಿನ್ನವನ್ನು ಅಡಗಿಸುವುದು, ಕಲಕುವ ಕೋಲನ್ನು ಕೊರೆದು ಅದರೊಳಗೆ ಚಿನ್ನದ ಪುಡಿಯನ್ನು ತುಂಬಿ ಬಾಯಿಯನ್ನು ಮುಚ್ಚಿಬಿಡುವುದು, ಇತ್ಯಾದಿ. ಚಿನ್ನವು ಹುಟ್ಟಲಿಲ್ಲ, ಅಡಗಿದ್ದುದು ಹೊರಬಂದಿತು, ಅಷ್ಟೆ.

ಈಗಿನ ವಂಚಕನು ಬೇರೆಯ ವೇಷದಲ್ಲಿ ಬರುವನು. ಮಧ್ಯಾಹ್ನದ ಹೊತ್ತು, ಗಂಡಸರು ಮನೆಯಲ್ಲಿಲ್ಲದಾಗ, ಒಡವೆಗಳಿಗೆ ಮೆರುಗು ಹಾಕಿಕೊಡುವೆನೆಂದು ಬಾಗಿಲಲ್ಲಿ ನಿಲ್ಲುವನು. ಮೊದಲು ಹಿತ್ತಾಳೆಯ ದೀಪವನ್ನೋ ಬೆಳ್ಳಿಯ ಕಾಲ್ಗೆಜ್ಜೆಯನ್ನೋ ಬೆಳಗಿ ತೋರಿಸಿ ನಂಬಿಕೆಯನ್ನು ಗಳಿಸುವನು. ಬಳಿಕ ಬಳೆಯನ್ನೋ ಸರವನ್ನೋ ತನ್ನ ಪಾತ್ರೆಯ ದ್ರವದಲ್ಲಿ ಅದ್ದುವನು. ಆ ದ್ರವವು ಬೇರೆ ಯಾವುದೂ ಅಲ್ಲ, ರಸವಾದಿಗಳ ಕೊಡುಗೆಯೇ! ಸುಮಾರು 1300ರ ಲ್ಯಾಟಿನ್ ಗ್ರಂಥಗಳಲ್ಲಿ ಕಾಣಿಸಿಕೊಳ್ಳುವ ಉಗ್ರವಾದ ಆಮ್ಲಮಿಶ್ರಣವಿದು. ಲೋಹಗಳ ಅರಸನನ್ನೇ ಕರಗಿಸಬಲ್ಲುದಾದುದರಿಂದ ಅದಕ್ಕೆ 'ಅರಸನ ನೀರು' ಎಂಬ ಅರ್ಥದಲ್ಲಿ ಆಕ್ವಾ ರೀಜಿಯಾ ಎಂದು ಹೆಸರಾಯಿತು. ಅದರಲ್ಲಿ ಮುಳುಗಿದ ಒಡವೆಯು ಹೊಳೆಯುತ್ತ ಹೊರಬರುವುದು; ಆದರೆ ತೂಕದಲ್ಲಿ ಕಡಿಮೆಯಾಗಿರುವುದು. ಕಳೆದುಹೋದ ಚಿನ್ನವು ಆ ಹಳದಿಯ ದ್ರವದಲ್ಲಿ ಕಣ್ಣಿಗೆ ಕಾಣದಂತೆ ಕರಗಿರುವುದು. ವಂಚಕನು ಅದನ್ನು ಕೊಂಡೊಯ್ದು ಚಿನ್ನವನ್ನು ಮತ್ತೆ ಹೊರತೆಗೆದುಕೊಳ್ಳುವನು. ರಸವಾದದ ಇತಿಹಾಸವನ್ನು ಬಲ್ಲ ಗೃಹಿಣಿಗೆ ಈ ಆಟವು ಹೊಸತಾಗಿ ಕಾಣದು.

ಹಾಗಾದರೆ ಈ ವಿದ್ಯೆಯಿಂದ ಲೋಕಕ್ಕೆ ಮೋಸವೊಂದೇ ಬಂದಿತೇ? ಅಲ್ಲ. ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡನು ಪರುಷವನ್ನರಸುತ್ತ 1669ರಲ್ಲಿ ಮೂತ್ರವನ್ನು ರಾಶಿಗಟ್ಟಲೆ ಕುದಿಸಿ ಬತ್ತಿಸಿದಾಗ ಕತ್ತಲಲ್ಲಿ ಬೆಳಗುವ ರಂಜಕವು ಅವನಿಗೆ ದೊರೆಯಿತು. ಇಂದು ನಮ್ಮ ಬೆಂಕಿಪೊಟ್ಟಣದ ಪಕ್ಕದಲ್ಲಿ ಕಡ್ಡಿ ಗೀರುವ ಪಟ್ಟಿಯಲ್ಲಿರುವುದು ಅದರದೇ ಕೆಂಪು ರೂಪವು. ಬ್ಯೋಟ್‌ಗರನೆಂಬ ಔಷಧಾಲಯದ ಹುಡುಗನು ಚಿನ್ನ ಮಾಡಬಲ್ಲೆನೆಂದು ಬಾಯಿ ಹಾಕಿ, 1701ರಲ್ಲಿ ಸ್ಯಾಕ್ಸನಿಯ ದೊರೆಯ ಸೆರೆಗೆ ಸಿಕ್ಕಿದನು. ಚಿನ್ನವು ಬರಲಿಲ್ಲ, ಚಿರ್ನ್‌ಹೌಸ್ ಎಂಬ ವಿದ್ವಾಂಸನ ಜೊತೆಯಲ್ಲಿ ಮಣ್ಣುಗಳನ್ನು ಸುಡುತ್ತ ಸುಡುತ್ತ, 1708ರಲ್ಲಿ ಚೀನದವರು ಮಾತ್ರ ಬಲ್ಲವರೆಂದು ಯುರೋಪು ಬೆರಗಾಗುತ್ತಿದ್ದಂತಹ ಬಿಳಿಯ ಗಟ್ಟಿ ಪಿಂಗಾಣಿಯನ್ನು ಮಾಡಿದನು. 1710ರಲ್ಲಿ ಮೈಸನ್ ಊರಿನಲ್ಲಿ ಕಾರ್ಖಾನೆಯು ನಿಂತಿತು. ಆದರೆ 1719ರಲ್ಲಿ, ಇನ್ನೂ 37 ವರ್ಷದವನಾಗಿರುವಾಗಲೇ, ಅವನು ತೀರಿಕೊಂಡನು. ಒಂದು ಸುಳ್ಳು ಮಾತಿಗೆ ಅವನು ತೆತ್ತ ಬೆಲೆಯು ತನ್ನ ಯೌವನವೇ ಆಗಿದ್ದಿತು.

ನಿಜವಾಗಿ ಚಿನ್ನವನ್ನು ಮಾಡಲಾಗದೇ ಎಂದರೆ, ಆಗುವುದೆಂದು ಈಗಿನ ವಿಜ್ಞಾನವೇ ತೋರಿಸಿದೆ. ಚಿನ್ನದ ಪರಮಾಣುವಿನ ಗರ್ಭದಲ್ಲಿ 79 ಪ್ರೋಟಾನುಗಳೂ ಪಾದರಸದಲ್ಲಿ 80ಯೂ ಸೀಸದಲ್ಲಿ 82ವೂ ಇರುವುವು. ಕುಲುಮೆಯ ಉರಿಯು ಪರಮಾಣುವಿನ ಗರ್ಭವನ್ನು ಮುಟ್ಟಲಾರದು; ರಸವಾದಿಗಳ ಸೋಲಿಗೆ ಇದೇ ಕಾರಣವು. 1941ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪಾದರಸದಿಂದ ಚಿನ್ನವಾಯಿತು. ಆದರೆ ಅದು ವಿಕಿರಣವನ್ನು ಸೂಸಿ ಬೇಗ ಅಳಿಯುವ ಚಿನ್ನ. ಜಿನೀವದ ಬಳಿಯ ಸೆರ್ನ್ ಸಂಸ್ಥೆಯ ಮಹಾಯಂತ್ರದಲ್ಲಿ 2015ರಿಂದ 2018ರ ವರೆಗೆ ಸೀಸದಿಂದ ಚಿನ್ನದ ಪರಮಾಣುಗರ್ಭಗಳು ಉಂಟಾದುವೆಂದು 2025ರಲ್ಲಿ ಪ್ರಕಟವಾಯಿತು. ಎಷ್ಟು? ಒಂದು ಗ್ರಾಮನ್ನು ಲಕ್ಷ ಕೋಟಿ ಭಾಗಗಳಾಗಿ ಮಾಡಿದರೆ ಅದರಲ್ಲಿ 29 ಭಾಗಗಳಷ್ಟು! ಅದೂ ಕಣ್ಣೆವೆಯಿಕ್ಕುವುದರೊಳಗೆ ಚೂರಾಗಿ ಹೋಯಿತು. ಒಂದು ಮೂಗುಬೊಟ್ಟಿಗೆ ಸಾಲುವ ಮಾತಂತಿರಲಿ, ಒಂದು ಧೂಳಿನ ಕಣಕ್ಕೂ ಅದು ಸಾಲದು.

ಆದುದರಿಂದ ಸೋದರಿಯರೆ, ಚಿನ್ನವನ್ನು ಇಮ್ಮಡಿ ಮಾಡುವೆನೆನ್ನುವವನನ್ನೂ, ಮನೆಯ ಅಂಗಳದಲ್ಲಿ ಒಡವೆಗೆ ಮೆರುಗು ಕೊಡುವೆನೆನ್ನುವವನನ್ನೂ ಹೊಸ್ತಿಲಿನಾಚೆಯೇ ನಿಲ್ಲಿಸಿರಿ. ಒಡವೆಯು ಮಾಸಿದ್ದರೆ ಪರಿಚಿತನಾದ ಅಕ್ಕಸಾಲಿಗನಲ್ಲಿಗೆ ಕೊಂಡುಹೋಗಿ, ಕೊಡುವ ಮುನ್ನವೂ ಪಡೆದ ಬಳಿಕವೂ ನಿಮ್ಮ ಕಣ್ಣೆದುರಿಗೆ ತೂಗಿಸಿರಿ. ಮಕ್ಕಳು ಪರುಷದ ಕತೆಯನ್ನು ಕೇಳಿದರೆ ಸಂತೋಷವಾಗಿ ಹೇಳಿರಿ. ಅದರೊಡನೆ ಮರಿಯಾಳ ಬಿಸಿನೀರಿನ ಪಾತ್ರೆಯ ಕತೆಯನ್ನೂ, ತೋಳವು ನುಂಗಿದ ಅರಸನ ಕತೆಯನ್ನೂ, ಸೆರೆಯಲ್ಲಿ ಪಿಂಗಾಣಿಯನ್ನು ಕಂಡ ಹುಡುಗನ ಕತೆಯನ್ನೂ ಹೇಳಿರಿ. ಹದವರಿತ ಉರಿ, ಮತ್ತೆ ಮತ್ತೆ ತೊಳೆಯುವ ತಾಳ್ಮೆ, ಕಂಡುದನ್ನು ಕಂಡಂತೆ ಗುರುತಿಸುವ ಬುದ್ಧಿ, ಇವುಗಳಿಂದಲೇ ರಸವಾದಿಯು ತಾನು ಹುಡುಕದಿದ್ದ ಎಷ್ಟೋ ವಸ್ತುಗಳನ್ನು ಪಡೆದನು. ನಿತ್ಯವೂ ಒಲೆಯ ಮುಂದೆ ಈ ಮೂರನ್ನೂ ಬಳಸುವ ನಿಮಗೆ ಅವುಗಳ ಬೆಲೆಯನ್ನು ನಾನು ಹೇಳಬೇಕಾದುದಿಲ್ಲ.